ಕೆಂಪು ದೀಪ, ಹಳದಿ ದೀಪ

ಕಳೆದ ಗಣೇಶ ಚೌತಿಗೆ ಎರಡು ದಿನ ಇರುವಾಗ, ರಾತ್ರಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನಮ್ಮ ಮನೆಯ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ನಿಂತಿದ್ದವರು ಮೂರನೆಯ ಮಹಡಿಯ ಧಾರವಾಡದ ಮಹನೀಯರು. ಮುಖದಲ್ಲಿ ಗಾಬರಿ. ‘ಏನ್ರೀ, ನೀವು ಬಿ.ಎಸ್ಸಿ. ಓದಿದವರು. ನನ್ನ ಗಾಡ್ಯಾಗ ಒಂದು ಹಳದಿ ದೀಪ ಹತ್ತೇದ, ಆರವಲ್ದು. ಮುಂಜಾನೆ ಐದಕ್ಕ ಊರಿಗೆ ಹೊರಡೋದು, ಸಂಗಡ ಅವ್ವ ಇದ್ದಾಳ. ಹೋಗಬಹುದೋ, ಬ್ಯಾಡೋ?’

ಬಿ.ಎಸ್ಸಿ. ಪದವಿಗೂ ಮೋಟಾರಿನ ದೀಪಕ್ಕೂ ಏನು ಸಂಬಂಧವೆಂದು ಓದುಗರು ನಗಬಹುದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಹೊರುವ ನಾನು ಮೆಕ್ಯಾನಿಕ್ಕನಲ್ಲ. ಆದರೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಸಣ್ಣ ದೀಪಗಳ ಬಗ್ಗೆ ನನಗೊಂದು ಹಳೆಯ ಕುತೂಹಲವಿದೆ. ಅದು ಹುಟ್ಟಿದ್ದು ನನ್ನ ಹತ್ತನೆಯ ವಯಸ್ಸಿನಲ್ಲಿ, ನಿಪ್ಪಾಣಿಯ ಬಳಿ, ರಸ್ತೆಯ ಬದಿಯ ಒಂದು ಬೇವಿನ ಮರದ ಕೆಳಗೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಚಿಕ್ಕಪ್ಪ ಅದೇ ವರ್ಷ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕೊಂಡಿದ್ದರು. ಮುಂಬಯಿಯ ಒಬ್ಬ ದಲ್ಲಾಳಿಯ ಮೂಲಕ ನಡೆದ ವ್ಯವಹಾರ. ಗಾಡಿಗೆ ಹೊಸ ಬಣ್ಣ, ಹೊಸ ಸೀಟಿನ ಬಟ್ಟೆ. ನೋಡಿದವರೆಲ್ಲ ಚಿಕ್ಕಪ್ಪನ ಅದೃಷ್ಟವನ್ನು ಕೊಂಡಾಡಿದರು. ಮೇ ತಿಂಗಳ ರಜೆಯಲ್ಲಿ ನಾವು ಏಳು ಜನ ಅದರಲ್ಲಿ ತುಂಬಿಕೊಂಡು ಊರಿಗೆ ಹೊರಟೆವು. ಕೊಲ್ಹಾಪುರ ದಾಟಿದ ಮೇಲೆ ಎಂಜಿನ್ನಿನೊಳಗಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಚಿಕ್ಕಪ್ಪ ಮತ್ತೆ ಮತ್ತೆ ಡ್ಯಾಶ್‌ಬೋರ್ಡ್ ನೋಡುತ್ತಿದ್ದರು. ‘ಕೆಂಪು ದೀಪ ಹತ್ತಿಲ್ಲ, ಏನೂ ಆಗಿಲ್ಲ’ ಎಂದು ಎಲ್ಲರಿಗೂ ಧೈರ್ಯ ಹೇಳಿದರು. ನಿಪ್ಪಾಣಿಯ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಕಟಾರೆಂದು ಕಚ್ಚಿಕೊಂಡು ನಿಂತೇ ಹೋಯಿತು.

ಊರೊಳಗಿಂದ ಕರೆತಂದ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಮಾಡಿದ ಕೆಲಸ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆತ ಸೀಟಿನಲ್ಲಿ ಕುಳಿತು ಕೀಲಿಯನ್ನು ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಸಾವಕಾರ್ರ, ನಿಮ್ಮ ಆಯಿಲ್ ದೀಪ ಎಲ್ಲೈತ್ರೀ?’ ಎಂದ. ದೀಪದ ಕಿಟಕಿಯಿತ್ತು, ಹಿಂದೆ ಬಲ್ಬು ಇರಲಿಲ್ಲ. ಎಂಜಿನ್ ಸವೆದು ಎಣ್ಣೆಯ ಒತ್ತಡ ಬೀಳುತ್ತಿದ್ದುದರಿಂದ ಆ ದೀಪ ಸದಾ ಹತ್ತುತ್ತಿದ್ದಿರಬೇಕು. ಮಾರಿದವರು ಎಂಜಿನ್ನಿಗೆ ಹಣ ಹಾಕುವ ಬದಲು ಬಲ್ಬನ್ನೇ ಕಿತ್ತಿದ್ದರು. ಅತ್ತೆಯ ಮದುವೆಗೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದು ಪಾಲು ಆ ಎಂಜಿನ್ ಬಿಚ್ಚಿ ಕಟ್ಟುವುದಕ್ಕೆ ಹೋಯಿತು; ಮದುವೆ ಮುಂದಿನ ವರ್ಷಕ್ಕೆ ಹೋಯಿತು. ನಾವು ಎಸ್.ಟಿ. ಬಸ್ಸಿನಲ್ಲಿ ಊರು ಸೇರಿದೆವು.

ಅಷ್ಟು ದೊಡ್ಡ ಯಂತ್ರದ ಸಾವು ಬದುಕು ಒಂದು ಗುಂಡಿಯಷ್ಟಗಲದ ದೀಪಕ್ಕೆ ಹೇಗೆ ಬಂತು? ಅದರ ಚರಿತ್ರೆ ಸ್ವಾರಸ್ಯವಾಗಿದೆ.

ಮೊದಮೊದಲ ಮೋಟಾರುಗಳಲ್ಲಿ ದೀಪವೂ ಇರಲಿಲ್ಲ, ಮುಳ್ಳೂ ಇರಲಿಲ್ಲ. 1908ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತಿಳಿಯಬೇಕಾದರೆ ಮುಂದಿನ ಸೀಟನ್ನು ಎತ್ತಿ, ಅದರ ಕೆಳಗಿನ ಟ್ಯಾಂಕಿನಲ್ಲಿ ಕೋಲು ಅದ್ದಿ ನೋಡಬೇಕಿತ್ತು. ಎಂಜಿನ್ ಎಣ್ಣೆಗೆ ಇನ್ನೂ ಕಷ್ಟ: ಗಾಡಿಯ ಕೆಳಗೆ ಎರಡು ಪುಟ್ಟ ನಲ್ಲಿಗಳು, ಒಂದರ ಮೇಲೊಂದು. ಮೇಲಿನದನ್ನು ತಿರುಗಿಸಿದಾಗ ಎಣ್ಣೆ ಬಂದರೆ ಸಾಕಷ್ಟಿದೆ. ಕೆಳಗಿನದರಲ್ಲೂ ಬಾರದಿದ್ದರೆ ಹೊರಡಲೇಬಾರದು. ಮಾಲೀಕ ಎಷ್ಟೇ ಶ್ರೀಮಂತನಾಗಲಿ, ಅವನೋ ಅವನ ಡ್ರೈವರೋ ಮಣ್ಣಿನಲ್ಲಿ ಮಲಗಿಯೇ ನೋಡಬೇಕು.

ಸ್ಟಾರ್ಟ್ ಮಾಡುವುದಂತೂ ಮಲ್ಲಯುದ್ಧ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟಿನ ಎಲುಬು ಮುರಿಯುತ್ತಿತ್ತು. ಇದೆಷ್ಟು ಸಾಮಾನ್ಯವಾಗಿತ್ತೆಂದರೆ, ಮಣಿಕಟ್ಟಿನ ಒಂದು ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ‘ಶೋಫರ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ಕ್ಯಾಡಿಲಾಕ್ ಕಾರಿಗೆ ವಿದ್ಯುತ್ತಿನ ಸೆಲ್ಫ್ ಸ್ಟಾರ್ಟರ್ ಅಳವಡಿಸಿದ ಮೇಲೆ ಈ ಕಷ್ಟ ಕಡಿಮೆಯಾಯಿತು. ಆದರೆ ಸೆಲ್ಫ್ ಬಂದೊಡನೆ ದೊಡ್ಡ ಬ್ಯಾಟರಿ ಬಂತು, ಅದನ್ನು ತುಂಬಿಸಲು ಡೈನಮೋ ಬಂತು, ಡೈನಮೋ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆಯೂ ಬಂತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಪಕರಣ ಜನಪ್ರಿಯವಾಯಿತು. ರೇಡಿಯೇಟರಿನ ಮುಚ್ಚಳದ ಮೇಲೆ ಕೂರಿಸಿದ ಉಷ್ಣಮಾಪಕವದು. ಬಾನೆಟ್ಟಿನ ತುದಿಯಲ್ಲಿ, ಗಾಡಿಯ ಹೊರಗೆ ಇರುತ್ತಿತ್ತು. ಡ್ರೈವರು ಗಾಜಿನ ಆಚೆಗೆ ನೋಡಿ, ಕೆಂಪು ದ್ರವ ಎಲ್ಲಿಗೆ ಏರಿದೆಯೆಂದು ತಿಳಿಯಬೇಕು. ಕ್ರಮೇಣ ಇಂಥ ಮಾಪಕಗಳೆಲ್ಲ ಒಳಗೆ ಬಂದು ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ಕುಳಿತವು: ನೀರಿನ ಕಾವಿಗೊಂದು ಮುಳ್ಳು, ಎಣ್ಣೆಯ ಒತ್ತಡಕ್ಕೊಂದು, ವಿದ್ಯುತ್ತಿಗೊಂದು, ಪೆಟ್ರೋಲಿಗೊಂದು.

1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಎಣ್ಣೆ ಮತ್ತು ಡೈನಮೋಗಳ ಮುಳ್ಳು ತೆಗೆದು ಎರಡು ಕೆಂಪು ದೀಪಗಳನ್ನಿಟ್ಟಿತು. ದೀಪ ಅಗ್ಗ, ಮುಳ್ಳು ತುಟ್ಟಿ. ಜೊತೆಗೆ, ಮುಳ್ಳನ್ನು ಓದಲು ಬಾರದವನಿಗೂ ಕೆಂಪು ಬಣ್ಣ ಅರ್ಥವಾಗುತ್ತದೆಂಬ ಸಮಜಾಯಿಷಿ. ಹಳಬರು ಒಪ್ಪಲಿಲ್ಲ, ‘ಈಡಿಯಟ್ ಲೈಟ್’, ಎಂದರೆ ಪೆದ್ದರ ದೀಪವೆಂದು ಅಡ್ಡಹೆಸರಿಟ್ಟರು. ಹೆಸರು ಉಳಿಯಿತು, ದೀಪವೂ ಉಳಿಯಿತು.

ಹಳಬರ ಸಿಟ್ಟಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಎಣ್ಣೆಯ ದೀಪದ ತಂತ್ರ ಬಹಳ ಸರಳ. ಎಂಜಿನ್ನಿನ ಮೈಗೆ ತಿರುಪಿದ ಒಂದು ಸ್ವಿಚ್ಚು. ಒಳಗೆ ತೆಳುವಾದ ಪರದೆ ಮತ್ತು ಸ್ಪ್ರಿಂಗು. ಎಣ್ಣೆಯ ಒತ್ತಡ ಪರದೆಯನ್ನು ತಳ್ಳಿದರೆ ಸ್ವಿಚ್ಚು ಬಿಡಿಸಿಕೊಂಡು ದೀಪ ಆರುತ್ತದೆ. ಒತ್ತಡ ಬಿದ್ದರೆ ಸ್ಪ್ರಿಂಗು ಗೆದ್ದು ದೀಪ ಹತ್ತುತ್ತದೆ. ಆದರೆ ಆ ಸ್ಪ್ರಿಂಗು ಬಹಳ ಬಡವ. ಗಾಡಿ ಓಡುವಾಗ ಚದರ ಅಂಗುಲಕ್ಕೆ ನಲವತ್ತು ಐವತ್ತು ಪೌಂಡ್ ಇರಬೇಕಾದ ಒತ್ತಡ ಐದಾರು ಪೌಂಡಿಗೆ ಇಳಿದ ಮೇಲೆಯೇ ಅದು ಎಚ್ಚರಗೊಳ್ಳುವುದು. ಮುಳ್ಳಾದರೆ ಐವತ್ತರಿಂದ ನಲವತ್ತು, ಮೂವತ್ತು ಎಂದು ತಿಂಗಳುಗಟ್ಟಲೆ ಮೊದಲೇ ಹೇಳುತ್ತಿತ್ತು. ಆದ್ದರಿಂದಲೇ ಎಣ್ಣೆಯ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಹತ್ತಿದರೆ ‘ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ’ ಎನ್ನುವಂತಿಲ್ಲ. ಬದಿಗೆ ಹಾಕಿ ಎಂಜಿನ್ ಆರಿಸಬೇಕು, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಬೇಕು. ಎಣ್ಣೆ ಕಡಿಮೆಯಿದ್ದರೆ ತುಂಬಿ ನೋಡಬಹುದು. ಎಣ್ಣೆ ಸರಿಯಿದ್ದೂ ದೀಪ ಆರದಿದ್ದರೆ ಎಳೆದೊಯ್ಯುವ ಗಾಡಿಯನ್ನೇ ಕರೆಸಬೇಕು.

ಡೈನಮೋದ ದೀಪ ಇದಕ್ಕಿಂತ ಜಾಣ. ನನಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಇದರ ಗುಟ್ಟು ತಿಳಿದು ಬಹಳ ಸಂತೋಷವಾಗಿತ್ತು. ಬಲ್ಬಿನ ಒಂದು ತುದಿ ಕೀಲಿಯ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಡೈನಮೋಗೆ. ಡೈನಮೋ ಸುಮ್ಮನಿದ್ದಾಗ ಬ್ಯಾಟರಿಯಿಂದ ಅದರ ಕಡೆಗೆ ವಿದ್ಯುತ್ತು ಹರಿದು ದೀಪ ಉರಿಯುತ್ತದೆ. ಡೈನಮೋ ತಿರುಗಿ ತಾನೂ ಅಷ್ಟೇ ವೋಲ್ಟೇಜು ಹುಟ್ಟಿಸಿದಾಗ ಬಲ್ಬಿನ ಎರಡು ತುದಿಗಳೂ ಸಮವಾಗುತ್ತವೆ, ಹರಿವು ನಿಂತು ದೀಪ ಆರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲವಾದರೆ ಹಗ್ಗ ಅಲುಗದೆ ನಿಲ್ಲುವುದಿಲ್ಲವೇ, ಹಾಗೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಈ ದೀಪಕ್ಕೆ ಇನ್ನೊಂದು ಅರ್ಥವೂ ಇತ್ತು. ಡೈನಮೋ ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತಿತ್ತು. ಓಡುತ್ತಿರುವಾಗ ಈ ಕೆಂಪು ದೀಪ ಹತ್ತಿತೆಂದರೆ ಬೆಲ್ಟು ಹರಿದಿರಬಹುದು, ಇನ್ನು ಸ್ವಲ್ಪ ಹೊತ್ತಿನಲ್ಲಿ ನೀರು ಕುದಿಯುತ್ತದೆ ಎಂದು ಬಲ್ಲವರು ಅರ್ಥಮಾಡಿಕೊಳ್ಳುತ್ತಿದ್ದರು.

ಈಗ ನಮ್ಮ ದೇಶಕ್ಕೆ ಬರೋಣ. ಕನ್ನಡಿಗರಾದ ನಾವು ಮರೆಯಬಾರದ ಒಂದು ಸಂಗತಿ ಇಲ್ಲಿದೆ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಮೊದಲು ಗಂಭೀರವಾದ ಯೋಜನೆ ಹಾಕಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿಗೆ ತಂದದ್ದು ವಿಮಾನದ ಕಾರ್ಖಾನೆಯನ್ನು. ಮೋಟಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಮುಂಬಯಿಯ ಪಾಲಾಯಿತು. ಕುರ್ಲಾದ ಆ ಕಾರ್ಖಾನೆಯಿಂದ 1954ರಲ್ಲಿ ಫಿಯಟ್ 1100 ಬಂತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂದು ನಾಮಕರಣವಾಯಿತು. ಅತ್ತ ಬಂಗಾಳದ ಉತ್ತರಪಾಡದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅಂಬಾಸಿಡರ್ ಆಗಿ ತಯಾರಿಸತೊಡಗಿ, 2014ರ ಮೇ ತಿಂಗಳವರೆಗೂ ತಯಾರಿಸಿತು.

ಒಂದೇ ಗಾಡಿ ಅರ್ಧ ಶತಮಾನ! ಇದನ್ನು ನಮ್ಮ ಹಿಂದುಳಿದಿರುವಿಕೆ ಎಂದು ಹಳಿಯುವವರಿದ್ದಾರೆ. ಅದು ಸುಳ್ಳೂ ಅಲ್ಲ. ಆದರೆ ಅದರಿಂದ ಇನ್ನೊಂದು ಲಾಭವಾಯಿತು. ಆ ಎರಡು ಎಂಜಿನ್‌ಗಳ ಒಳಗುಟ್ಟು ದೇಶದ ಪ್ರತಿ ಹೆದ್ದಾರಿಯ ಪ್ರತಿ ಊರಿಗೂ ಗೊತ್ತಾಗಿಬಿಟ್ಟಿತು. ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ ಆ ವಿದ್ಯೆ ಹರಿಯಿತು. ಭಾನುವಾರ ಬೆಳಿಗ್ಗೆ ಬನಿಯನ್ ಹಾಕಿಕೊಂಡು ಗಾಡಿಯ ಮುಂದೆ ನಿಲ್ಲುವ ಗೃಹಸ್ಥರನ್ನು ನಮ್ಮ ಬಾಲ್ಯದಲ್ಲಿ ಪ್ರತಿ ಕಾಲೋನಿಯಲ್ಲೂ ಕಾಣಬಹುದಿತ್ತು. ನಾಲ್ಕು ಪ್ಲಗ್ ಬಿಚ್ಚಿ ಮಸಿ ಉಜ್ಜುವುದು, ಸಿ.ಬಿ. ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿ ಅದರ ಸಂದು ಸರಿಮಾಡುವುದು, ಬ್ಯಾಟರಿಗೆ ನೀರು ಹಾಕುವುದು. ಸಂದಿನ ಅಳತೆಗೆ ಫೀಲರ್ ಗೇಜ್ ಇಲ್ಲದವರು ಪೋಸ್ಟ್ ಕಾರ್ಡ್ ತುಂಡು ಬಳಸುತ್ತಿದ್ದರು. ಪ್ಲಗ್ಗಿನ ಬಣ್ಣವೇ ಒಂದು ಜಾತಕ: ಕಂದುಬಣ್ಣವಾದರೆ ಆರೋಗ್ಯ, ಒಣ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಹತ್ತಿದ ಕಪ್ಪಾದರೆ ರಿಂಗು ಸವೆದಿದೆ.

ದಾರಿಯ ಮೇಲಿನ ಮದ್ದುಗಳು ಬೇರೆ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಗಾಡಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಇಳಿದು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದರೆ ಮತ್ತೆ ಓಡುತ್ತಿತ್ತು. ಹಲವರು ಇದನ್ನು ಗಾಡಿಯ ಆಯಾಸವೆಂದು ತಿಳಿದಿದ್ದರು. ನಿಜವಾದ ಕಾರಣ, ಎಂಜಿನ್ನಿಗೆ ಅಂಟಿಕೊಂಡಿದ್ದ ಆ ಪಂಪು ಪೆಟ್ರೋಲನ್ನು ಹೀರಿ ಎಳೆಯುತ್ತಿತ್ತು. ಕಾವಿಗೆ ಪೆಟ್ರೋಲ್ ಆವಿಯಾದರೆ ಪಂಪಿಗೆ ಎಳೆಯಲು ಏನೂ ಸಿಗುತ್ತಿರಲಿಲ್ಲ. ಒದ್ದೆ ಬಟ್ಟೆ ಆವಿಯನ್ನು ಮತ್ತೆ ದ್ರವ ಮಾಡುತ್ತಿತ್ತು. ಇಂದಿನ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಕುಳಿತು ಒತ್ತಡದಿಂದ ತಳ್ಳುತ್ತದೆ; ಕುಕ್ಕರಿನಲ್ಲಿ ನೀರು ಬೇಗ ಕುದಿಯದಂತೆ, ಒತ್ತಡದಲ್ಲಿರುವ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ. ಒದ್ದೆ ಬಟ್ಟೆಗೆ ಕೆಲಸ ತಪ್ಪಿತು.

ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಒಗೆಯುವ ಸೋಪನ್ನು ಒತ್ತಿ ತಿಕ್ಕುತ್ತಿದ್ದರು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಊರು ಮುಟ್ಟುವವರೆಗೆ ನಿಲ್ಲುತ್ತಿತ್ತು. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ. ಇದೂ ಕೆಲಸ ಮಾಡುತ್ತಿತ್ತು, ಆದರೆ ತೂತಿಗೆ ಹೋದಂತೆಯೇ ರೇಡಿಯೇಟರಿನ ಸಣ್ಣ ನಾಳಗಳಿಗೂ ಹೋಗಿ ಕೂರುತ್ತಿತ್ತು. ಇಂದಿನ ಗಾಡಿಗೆ ಯಾರೂ ದಯವಿಟ್ಟು ಅರಿಶಿನ ಹಾಕಬೇಡಿ. ಹಾಗೆಯೇ ನೀರು ಕುದಿಯುತ್ತಿರುವಾಗ ಮುಚ್ಚಳ ತೆಗೆಯಬೇಡಿ. ಈ ಎರಡನೆಯದು ಅಂದಿಗೂ ಇಂದಿಗೂ ಒಂದೇ.

1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ ಮಾರುತಿ 800 ಹೊರಬಂದ ಮೇಲೆ ಭಾನುವಾರದ ಈ ವ್ರತಕ್ಕೆ ಮೊದಲ ಭಂಗ ಬಂತು. ಗಾಡಿ ಕೆಡುವುದೇ ಅಪರೂಪವಾಯಿತು. ಕೆಡದ ಯಂತ್ರದ ಬಗ್ಗೆ ಯಾರು ಕಲಿಯುತ್ತಾರೆ?

ಹಳದಿ ದೀಪ ಹುಟ್ಟಿದ ಊರು ಮಾತ್ರ ಬೇರೆ, ಕಾರಣವೂ ಬೇರೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1943ರ ಬೇಸಿಗೆಯ ಒಂದು ದಿನ ಕಣ್ಣುರಿಸುವ ದಟ್ಟ ಹೊಗೆ ಕವಿಯಿತು. ಯುದ್ಧಕಾಲವಾದ್ದರಿಂದ ಶತ್ರುಗಳ ವಿಷಾನಿಲವೆಂದೇ ಕೆಲವರು ಹೆದರಿದರು. 1950ರ ದಶಕದ ಆರಂಭದಲ್ಲಿ ಆರಿ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಮೋಟಾರಿನ ಹೊಗೆಗೆ ಬಿಸಿಲು ತಾಗಿ ಈ ವಿಷ ಹುಟ್ಟುತ್ತದೆಂದು ತೋರಿಸಿದರು. ಆಗಿನಿಂದ ಕ್ಯಾಲಿಫೋರ್ನಿಯಾ ರಾಜ್ಯ ಕಾರಿನ ಹೊಗೆಕೊಳವೆಯ ಬೆನ್ನು ಹತ್ತಿತು. ಹೊಗೆ ಕಡಿಮೆಯಾಗಬೇಕಾದರೆ ಪೆಟ್ರೋಲ್ ಗಾಳಿಗಳ ಪ್ರಮಾಣ ಕ್ಷಣಕ್ಷಣಕ್ಕೂ ಸರಿಯಿರಬೇಕು. ಅದು ಕಾರ್ಬ್ಯುರೇಟರಿನಿಂದ ಆಗದ ಕೆಲಸ. ಹೀಗಾಗಿ ಕಂಪ್ಯೂಟರು ಬಂತು. 1981ರಲ್ಲಿ ಜನರಲ್ ಮೋಟರ್ಸ್ ತನ್ನ ಅಮೆರಿಕದ ಕಾರುಗಳಿಗೆ ಕಂಪ್ಯೂಟರಿನ ಜೊತೆಗೆ ‘ಚೆಕ್ ಎಂಜಿನ್’ ದೀಪವನ್ನೂ ಇಟ್ಟಿತು. ಆ ಕಾಲದ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಪಿನ್ನುಗಳನ್ನು ಒಂದು ತಂತಿಯಿಂದ ಕೂಡಿಸಿದರೆ ಅದೇ ದೀಪ ಮಿಣುಕಿ ದೋಷದ ಸಂಖ್ಯೆ ಹೇಳುತ್ತಿತ್ತು: ಒಂದು ಮಿಣುಕು, ಬಿಡುವು, ಎರಡು ಮಿಣುಕು ಎಂದರೆ ಹನ್ನೆರಡು. ತಾರು ಕಚೇರಿಯ ಕಟ್ಟ-ಕಡ ಭಾಷೆಯ ಹಾಗೆ! ಕ್ಯಾಲಿಫೋರ್ನಿಯಾ 1988ರ ಮಾದರಿಯ ಗಾಡಿಗಳಿಂದ ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಹದಿನಾರು ಪಿನ್ನಿನ ಸಾಕೆಟ್ಟು, ಒಂದೇ ಬಗೆಯ ದೋಷಸಂಖ್ಯೆಗಳು ಬಂದವು. ನಮ್ಮಲ್ಲಿ 2010ರ ಏಪ್ರಿಲಿನಲ್ಲಿ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ ನಾಲ್ಕರ ನಿಯಮ ಬಂದಾಗ ಇದರ ಮೊದಲ ಹಂತವೂ, 2013ರಲ್ಲಿ ಎರಡನೆಯ ಹಂತವೂ ಬಂದವು.

ಹಾಗಾಗಿ ಹಳದಿ ದೀಪ ಮೂಲದಲ್ಲಿ ಗಾಡಿಯ ಮಾಲೀಕನಿಗಾಗಿ ಹುಟ್ಟಿದ್ದಲ್ಲ, ಊರಿನ ಗಾಳಿಗಾಗಿ ಹುಟ್ಟಿದ್ದು. ಇದನ್ನು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಅದು ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದು, ಕೆಂಪು ದೀಪ ಯಾವುದೂ ಇಲ್ಲದಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಹಳದಿಯೇ ಮಿಣುಕುತ್ತಿದ್ದು ಗಾಡಿ ನಡುಗುತ್ತಿದ್ದರೆ ಮಾತ್ರ ತಡಮಾಡಬಾರದು. ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಅಲ್ಲಿರುವ ತುಟ್ಟಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ದೋಷಸಂಖ್ಯೆ ಓದುವ ಯಂತ್ರ ಯಾರ ಕೈಯಲ್ಲಿರಬೇಕು ಎಂಬುದು ನಮ್ಮ ದೇಶದಲ್ಲಿ ವ್ಯಾಜ್ಯಕ್ಕೇ ಹೋಯಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಕಂಪನಿಗಳು ತಮ್ಮ ಅಧಿಕೃತ ಗ್ಯಾರೇಜುಗಳಿಗೆ ಮಾತ್ರ ಕೊಡುತ್ತವೆ, ಬೀದಿಯ ಮೆಕ್ಯಾನಿಕ್ಕನಿಗೆ ಕೊಡುವುದಿಲ್ಲ ಎಂಬ ದೂರು 2011ರಲ್ಲಿ ಭಾರತದ ಸ್ಪರ್ಧಾ ಆಯೋಗದ ಮುಂದೆ ಬಂತು. 2014ರ ಆಗಸ್ಟಿನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿ, ಹೊರಗಿನ ಗ್ಯಾರೇಜುಗಳಿಗೂ ಅವು ಸಿಗಬೇಕೆಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು. ಆ ಆದೇಶದ ಸುದ್ದಿ ಓದಿದ ದಿನ ನನಗೆ ನಿಪ್ಪಾಣಿಯ ಮೇಸ್ತ್ರಿ ನೆನಪಾಗಿದ್ದ. ಆತನ ಬಳಿ ಯಾವ ಉಪಕರಣವಿತ್ತು? ಕೀಲಿ ಅರ್ಧ ತಿರುಗಿಸಿ ಸುಮ್ಮನೆ ಕೂರುವ ತಾಳ್ಮೆ, ಅಷ್ಟೆ. ಇಂದು ಆತನ ಮಗ ಅದೇ ಅಂಗಡಿಯಲ್ಲಿದ್ದರೆ ತಾಳ್ಮೆಯ ಜೊತೆಗೆ ಆ ಯಂತ್ರವೂ ಬೇಕು. ಅದಿಲ್ಲದಿದ್ದರೆ ಮರದ ಕೆಳಗೆ ಕುಳಿತ ಏಳು ಜನಕ್ಕೆ ಆತನಿಂದ ಉಪಯೋಗವಿಲ್ಲ.

ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆ ಬಿಟ್ಟಿತು. ಅದಿರಲಿ, ಧಾರವಾಡದ ಮಹನೀಯರನ್ನು ಬಾಗಿಲಲ್ಲೇ ನಿಲ್ಲಿಸಿ ಬಂದಿದ್ದೇನೆ.

ನನ್ನ ಬಳಿ ಒಂದು ಅಗ್ಗದ ಸ್ಕ್ಯಾನರಿದೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ಸಂಖ್ಯೆ ಬರುತ್ತದೆ. ಇಬ್ಬರೂ ಕೆಳಗಿಳಿದೆವು. ಬಂದ ಸಂಖ್ಯೆ ಪಿ 0135: ಆಕ್ಸಿಜನ್ ಸೆನ್ಸರಿನ ಹೀಟರಿಗೆ ವಿದ್ಯುತ್ತು ಸರಿಯಾಗಿ ಹೋಗುತ್ತಿಲ್ಲ. ಇಂಥಲ್ಲಿ ಬಹಳ ಜನ ಎಡವುತ್ತಾರೆ. ಸಂಖ್ಯೆ ಹೇಳಿದ್ದು ‘ಈ ದಾರಿಯಲ್ಲಿ ತೊಂದರೆಯಿದೆ’ ಎಂದಷ್ಟೆ. ‘ಸೆನ್ಸರ್ ಬದಲಾಯಿಸು’ ಎಂದಲ್ಲ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ತಂತಿಯ ಜಾಡು ಹಿಡಿದರೆ, ಮಧ್ಯದಲ್ಲಿ ಎರಡು ತಂತಿಗಳನ್ನು ಅಚ್ಚುಕಟ್ಟಾಗಿ ಕಡಿಯಲಾಗಿತ್ತು. ಪಕ್ಕದಲ್ಲೇ ಸಾಕ್ಷಿಗೆಂಬಂತೆ ಇಲಿಯ ಹಿಕ್ಕೆ. ಗಣಪತಿ ಬರುವ ಮೊದಲೇ ವಾಹನ ಬಂದು ಹೋಗಿತ್ತು! ಎಂಜಿನ್ ತಣ್ಣಗಿತ್ತು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಕಡಿದ ತುದಿಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ ಹೆಣೆದು ಟೇಪು ಸುತ್ತಿದೆವು. ಊರಿನಲ್ಲಿ ಬಲ್ಲವರಿಂದ ಸರಿಯಾಗಿ ಬೆಸುಗೆ ಹಾಕಿಸಬೇಕೆಂದು ಹೇಳಿದೆ. ಸಂಖ್ಯೆ ಅಳಿಸಿದ ಮೇಲೆ ಹಳದಿ ದೀಪ ಆರಿತು.

ಅವರು ಹೊರಡಲೆದ್ದರು. ನಾನು ತಡೆದು, ಕೀಲಿ ಅರ್ಧ ಮಾತ್ರ ತಿರುಗಿಸಿ ಎಂದೆ. ಡ್ಯಾಶ್‌ಬೋರ್ಡಿನಲ್ಲಿ ಸಾಲುದೀಪ ಹತ್ತಿತು. ಎಣ್ಣೆಯ ಡಬ್ಬಿ ಇದೆ, ಬ್ಯಾಟರಿ ಇದೆ, ಬ್ರೇಕು ಇದೆ, ಎಂಜಿನ್ನಿನ ಚಿತ್ರ ಇದೆ. ಬೆರಳಿಟ್ಟು ಒಂದೊಂದಾಗಿ ಎಣಿಸಿದೆ. ‘ಇದೇನ್ರೀ, ಕಾರ್ತೀಕ ಮಾಡ್ಲಿಕ್ಕೆ ಹತ್ತೀರಿ?’ ಎಂದು ನಕ್ಕರು. ಸ್ಟಾರ್ಟ್ ಮಾಡಿದರು, ಒಂದಾದ ಮೇಲೊಂದು ಎಲ್ಲವೂ ಆರಿದವು.

ಮರುದಿನ ಮಧ್ಯಾಹ್ನ ಕಚೇರಿಗೆ ಅವರ ಫೋನು ಬಂತು. ನಿಪ್ಪಾಣಿಯಲ್ಲಿ ಚಹಾ ಕುಡಿಯಲು ನಿಂತಿದ್ದರಂತೆ. ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.